ಓಸ್ವಾದಲ್ಲಿ ಮೂರು ದಿನ ಸ್ಕೀಯಿಂಗ್: ಎಲ್ಲರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದೇವೆ. ಡಿಸೆಂಬರ್ ಬಂತೆಂದರೆ ಮ್ಯೂನಿಕ್‌ನಿಂದ, ಐಂಡ್‌ಹೋವನ್‌ನಿಂದ, ಕೆಲವು ಸಲ ಹಾಸನದಿಂದಲೂ ಫೋನ್ ಬರುತ್ತದೆ. ಎಲ್ಲರದ್ದೂ ಒಂದೇ ಮಾತು: ಹಿಮ ನೋಡಬೇಕು, ಸ್ಕೀಯಿಂಗ್ ಕಲಿಯಬೇಕು, ಆದರೆ ಖರ್ಚು ಕೈ ಸುಡಬಾರದು. ಪ್ರತಿ ಸಲ ನಾನು ಹೇಳುವುದು ಓಸ್ವಾ ಎಂಬ ಊರಿನ ಹೆಸರು. ಆಮೇಲೆ ಅದೇ ಹತ್ತು ಹದಿನೈದು ಪ್ರಶ್ನೆಗಳು ಬರುತ್ತವೆ, ಅದಕ್ಕೇ ಒಂದು ಸಲ ಕೂತು ಎಲ್ಲ ಬರೆದಿಡುತ್ತಿದ್ದೇನೆ.

ಓಸ್ವಾ ಎಲ್ಲಿದೆ? ಹೆಸರೇ ಕೇಳಿಲ್ಲವಲ್ಲ!

ಫ್ರಾನ್ಸಿನ ಪೂರ್ವಕ್ಕೆ, ಇಟಲಿ ಗಡಿಯ ಹತ್ತಿರ, ಸವ್ವಾ ಜಿಲ್ಲೆಯಲ್ಲಿದೆ. ಆರ್ಕ್ ನದಿ ಹರಿಯುವ ಕಣಿವೆಗೆ ಮೋರಿಯೆನ್ ಅಂತ ಹೆಸರು. ಕಣಿವೆಯ ತಳದಲ್ಲಿ ಮೊದಾನ್ ಎಂಬ ರೈಲ್ವೆ ಪಟ್ಟಣ, ಅಲ್ಲಿಂದ ಏಳು ಕಿಲೋಮೀಟರ್ ಘಾಟಿ ಹತ್ತಿದರೆ ಓಸ್ವಾ. ಎತ್ತರ ಸುಮಾರು 1,500 ಮೀಟರ್. ಅಂದರೆ ಮಡಿಕೇರಿಗಿಂತ ಮೇಲೆ, ಮುಳ್ಳಯ್ಯನಗಿರಿಗಿಂತ ಕೆಳಗೆ. ಮುಳ್ಳಯ್ಯನಗಿರಿಯಲ್ಲಿ ಬೀಳದ ಹಿಮ ಇಲ್ಲಿ ಯಾಕೆ ಬೀಳುತ್ತದೆ ಅಂತ ನನ್ನ ಅಣ್ಣನ ಮಗಳು ಕೇಳಿದ್ದಳು. ನಮ್ಮ ಬೆಟ್ಟ ಸಮಭಾಜಕದಿಂದ ಬರೀ 13 ಡಿಗ್ರಿ ದೂರ, ಓಸ್ವಾ 45 ಡಿಗ್ರಿ. ಇಲ್ಲಿ ಚಳಿಗಾಲದ ಸೂರ್ಯ ಬಹಳ ಕೆಳಗೇ ಓಡುತ್ತಾನೆ, ನೆಲ ಕಾಯುವುದೇ ಇಲ್ಲ.

ಇದು ಸ್ಕೀಯಿಂಗ್‌ಗೆ ಅಂತ ಕಟ್ಟಿದ ಊರಲ್ಲ. ಹಳೇ ಊರು. ಕಲ್ಲಿನ ಮನೆಗಳು, ಬರೋಕ್ ಕಾಲದ ಚರ್ಚು, ಬೇಸಿಗೆಯಲ್ಲಿ ಹಸು ಮೇಯುವ ಹುಲ್ಲುಗಾವಲು. ಅದೇ ಹುಲ್ಲುಗಾವಲಿನ ಮೇಲೆ ಚಳಿಗಾಲದಲ್ಲಿ ಜನ ಜಾರುತ್ತಾರೆ. ಊರಿನ ಬೆನ್ನಿಗೇ ವನ್ವಾಜ್ ರಾಷ್ಟ್ರೀಯ ಉದ್ಯಾನ. ಕೊಂಬು ಬಾಗಿದ ಐಬೆಕ್ಸ್ ಕಾಡು ಮೇಕೆಗಳನ್ನು ಉಳಿಸಲು 1963ರಲ್ಲಿ ಮಾಡಿದ್ದು, ಫ್ರಾನ್ಸಿನ ಮೊದಲ ರಾಷ್ಟ್ರೀಯ ಉದ್ಯಾನ.

ದೊಡ್ಡ ಹೆಸರಿನ ಜಾಗ ಬಿಟ್ಟು ಇಲ್ಲಿಗೇ ಯಾಕೆ?

ಮೊದಲ ಸಲ ಬರುವವರು ಮೂರು ದಿನದಲ್ಲಿ ಎಷ್ಟು ದೂರ ಜಾರುತ್ತಾರೆ ಹೇಳಿ? ಎರಡು ಮೂರು ಹಸಿರು ದಾರಿ (ಎಲ್ಲಕ್ಕಿಂತ ಸುಲಭದ ಇಳಿಜಾರು), ಧೈರ್ಯ ಬಂದರೆ ಒಂದೆರಡು ನೀಲಿ ದಾರಿ (ಅದಕ್ಕಿಂತ ಸ್ವಲ್ಪ ಕಷ್ಟ), ಅಷ್ಟೇ. ಪಕ್ಕದ ಕಣಿವೆಯ ತ್ರ್ವಾ ವ್ಯಾಲೆ ಎಂಬ ದೊಡ್ಡ ಸ್ಕೀ ತಾಣದಲ್ಲಿ 600 ಕಿಲೋಮೀಟರ್ ದಾರಿ ಇದೆ, ನಿಜ. ಬೆಟ್ಟದ ಮೇಲಕ್ಕೆ ಒಯ್ಯುವ ಅಲ್ಲಿನ ಲಿಫ್ಟ್‌ಗಳ ದಿನದ ಪಾಸ್ 70 ಯೂರೋ ದಾಟುತ್ತದೆ. ಆ 600ರಲ್ಲಿ ನೀವು ಬಳಸುವುದು ಎರಡೋ ಮೂರೋ ಕಿಲೋಮೀಟರ್. ಓಸ್ವಾದಲ್ಲಿ ಇರುವುದು ಸುಮಾರು 55 ಕಿಲೋಮೀಟರ್, ಊರಿನಿಂದ ಶುರುವಾಗಿ 2,750 ಮೀಟರ್ ಎತ್ತರದವರೆಗೆ. ಪಾಸ್ ಬಹಳ ಅಗ್ಗ. ಕಾಫಿ ಅಗ್ಗ, ಕೋಣೆ ಅಗ್ಗ. ಕಲಿಯುವ ಜಾಗ ಊರಿನ ಅಂಚಿಗೇ ಇದೆ, ಹಾಗಾಗಿ ಮಗುವಿಗೆ ಚಳಿಯಾದರೆ ನಡೆದೇ ಮನೆಗೆ ಬರಬಹುದು.

ನನ್ನ ಗಟ್ಟಿ ಅಭಿಪ್ರಾಯ ಏನೆಂದರೆ, ಕಲಿಯುವವರು ದೊಡ್ಡ ತಾಣಕ್ಕೆ ಹೋಗುವುದು ದುಡ್ಡು ದಂಡ. ಚೆನ್ನಾಗಿ ಬರುವವರಿಗೆ ಮಾತ್ರ ಅದು ಸರಿ.

ಬರೀ ಸ್ಕೀಯಿಂಗ್‌ಗೆ ಬೆಂಗಳೂರಿನಿಂದ ಬರಬಹುದಾ?

ಬೇಡ. ಮೂರು ದಿನದ ಹಿಮಕ್ಕಾಗಿ ಅಷ್ಟು ದೂರ ಹಾರಬೇಡಿ. ಅದಕ್ಕೆ ಗುಲ್ಮಾರ್ಗ್ ಇದೆ, ಔಲಿ ಇದೆ. ನೀವು ಯುರೋಪಿನಲ್ಲೇ ಇದ್ದರೆ, ಅಥವಾ ಮಗಳ ಮನೆಗೋ ಕೆಲಸಕ್ಕೋ ಹೇಗೂ ಬಂದಿದ್ದರೆ, ಆಗ ಓಸ್ವಾ ಸೇರಿಸಿಕೊಳ್ಳಿ. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು, 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೊಡುವುದು ಬೆಂಗಳೂರಿನ ವಿ.ಎಫ್.ಎಸ್. ಕೇಂದ್ರದಲ್ಲಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಇಂಗ್ಲೆಂಡಿನಲ್ಲಿ ಇರುವವರೂ ಗಮನಿಸಿ, ಅಲ್ಲಿನ ವೀಸಾ ಇಲ್ಲಿ ನಡೆಯುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಜನವರಿ. ಕ್ರಿಸ್‌ಮಸ್ ರಜೆ ಮುಗಿದ ಮೇಲಿಂದ ತಿಂಗಳ ಕೊನೆಯವರೆಗೆ. ಚಳಿ ಜಾಸ್ತಿ, ಹಗಲು ಚಿಕ್ಕದು, ಆದರೆ ಕೋಣೆ ಬಾಡಿಗೆ ಇಳಿದಿರುತ್ತದೆ ಮತ್ತು ಲಿಫ್ಟ್ ಹತ್ತಿರ ಸಾಲು ಇರುವುದಿಲ್ಲ. ಫೆಬ್ರವರಿಯಿಂದ ಮಾರ್ಚ್ ಮೊದಲ ವಾರಗಳವರೆಗೆ ಫ್ರಾನ್ಸಿನ ಶಾಲೆಗಳಿಗೆ ಚಳಿಗಾಲದ ರಜೆ. ದೇಶವನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿ, ಒಂದರ ರಜೆ ಇನ್ನೊಂದರ ಮೇಲೆ ಸ್ವಲ್ಪ ಬರುವ ಹಾಗೆ, ಸರದಿಯಲ್ಲಿ ಎರಡೆರಡು ವಾರ ಬಿಡುತ್ತಾರೆ. ಆ ನಾಲ್ಕು ವಾರ ಎಲ್ಲ ಬೆಲೆಯೂ ಏರುತ್ತದೆ, ಆಗ ಬರಲೇಬೇಡಿ.

ಮಾರ್ಚ್ ಕೊನೆಗೆ ಬಂದರೆ ಬಿಸಿಲು ಹಿತ. ಆದರೆ ಓಸ್ವಾ ದಕ್ಷಿಣಕ್ಕೆ ಮುಖ ಮಾಡಿದ ಊರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹಿಮ ನೆನೆದ ಸಕ್ಕರೆಯ ಹಾಗೆ ಆಗುತ್ತದೆ, ಸ್ಕೀ ಅದರಲ್ಲಿ ಹೂತುಕೊಳ್ಳುತ್ತದೆ. ಹೊಸಬರಿಗೆ ಅದು ಕಷ್ಟ. ಮಾರ್ಚ್‌ನಲ್ಲಿ ಬಂದವರು ಬೆಳಿಗ್ಗೆ ಲಿಫ್ಟ್ ತೆರೆದ ಕೂಡಲೇ ಹೋಗಿ ಊಟದ ಹೊತ್ತಿಗೆ ಮುಗಿಸಿಬಿಡಿ.

ತಲುಪುವುದು ಹೇಗೆ?

ರೈಲು. ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಮಿಲಾನ್ ಕಡೆ ಹೋಗುವ ವೇಗದ ರೈಲು ಮೊದಾನ್‌ನಲ್ಲಿ ನಿಲ್ಲುತ್ತದೆ, ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ ಪಯಣ. 2023ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಮಾರ್ಗ ಮುಚ್ಚಿ, 2025ರ ಮಾರ್ಚ್ ಕೊನೆಗಷ್ಟೇ ಮತ್ತೆ ಶುರುವಾಯಿತು. ಈಗ ಓಡುತ್ತಿದೆ, ಆದರೂ ಟಿಕೆಟ್ ತೆಗೆಯುವಾಗ ವೇಳಾಪಟ್ಟಿ ನೋಡಿಕೊಳ್ಳಿ. ಲಿಯೋನ್‌ನಿಂದ ನಾವು ಪ್ರಾದೇಶಿಕ ರೈಲಿನಲ್ಲಿ ಹೋಗುತ್ತೇವೆ, ಶಾಂಬೆರಿಯಲ್ಲಿ ಬದಲಿಸಬೇಕಾಗಬಹುದು. ಮೊದಾನ್ ನಿಲ್ದಾಣದ ಎದುರಿಗೇ ಓಸ್ವಾ ಬಸ್ಸು ಸಿಗುತ್ತದೆ. ಕೊನೆಯ ಬಸ್ಸಿನ ಹೊತ್ತನ್ನು ಮೊದಲು ನೋಡಿ, ಆಮೇಲೆ ರೈಲು ಆರಿಸಿ. ಉಲ್ಟಾ ಮಾಡಿದರೆ ರಾತ್ರಿ ಟ್ಯಾಕ್ಸಿಗೆ ದುಡ್ಡು ಸುರಿಯಬೇಕು.

ಮೊದಾನ್‌ನಿಂದ ಇಟಲಿಗೆ ಹೋಗುವ ರೈಲು ಸುರಂಗ ತೆರೆದದ್ದು 1871ರಲ್ಲಿ. ಆಲ್ಪ್ಸ್ ಅಡಿಯಲ್ಲಿ ಕೊರೆದ ಮೊದಲ ದೊಡ್ಡ ಸುರಂಗ ಅದು, ಇವತ್ತಿಗೂ ನಿಮ್ಮ ರೈಲು ಅದರೊಳಗೇ ಮುಂದೆ ಹೋಗುತ್ತದೆ.

ಕಾರಿನಲ್ಲಿ ಬರುವವರಿಗೆ ಎರಡು ಮಾತು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಇಲ್ಲಿ ಚಳಿಗಾಲದ ಟೈರು ಇರಬೇಕು, ಇಲ್ಲವೇ ಡಿಕ್ಕಿಯಲ್ಲಿ ಹಿಮದ ಚೈನ್ ಇರಬೇಕು, ಇದು ಕಾನೂನು. ಬಾಡಿಗೆ ಕಾರು ತೆಗೆಯುವಾಗ ಬಾಯಿಬಿಟ್ಟು ಕೇಳಿ. ಇಟಲಿಯ ಟ್ಯೂರಿನ್ ಕಡೆಯಿಂದ ಫ್ರೆಜ್ಯೂಸ್ ರಸ್ತೆ ಸುರಂಗದಲ್ಲಿ ಬಂದರೆ ದಾರಿ ಹತ್ತಿರ, ಆದರೆ ಕಾರಿಗೆ ಒಂದು ಸಲದ ಟೋಲೇ 50 ಯೂರೋ ದಾಟುತ್ತದೆ. ಟ್ಯೂರಿನ್‌ಗೆ ಅಗ್ಗದ ವಿಮಾನ ಸಿಕ್ಕಿತು ಅಂತ ಖುಷಿಪಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರು ದಿನಕ್ಕೆ ಮನೆ ಬಾಡಿಗೆ ಸಿಗುತ್ತದಾ?

ಇದರಲ್ಲಿ ಜನ ಎಡವುತ್ತಾರೆ. ಸ್ಕೀ ಊರುಗಳಲ್ಲಿ ಫ್ಲ್ಯಾಟ್ ಕೊಡುವುದು ಶನಿವಾರದಿಂದ ಶನಿವಾರಕ್ಕೆ. ಮೂರು ದಿನ ಬೇಕೆಂದರೆ ಸೀಸನ್‌ನಲ್ಲಿ ಮುಖ ತಿರುಗಿಸುತ್ತಾರೆ. ಜನವರಿಯಲ್ಲಿ ಮಾತ್ರ ಖಾಲಿ ಇರುವ ಮನೆಗಳನ್ನು ಮೂರು ನಾಲ್ಕು ರಾತ್ರಿಗೆ ಬಿಡುತ್ತಾರೆ. ಸಣ್ಣ ಹೋಟೆಲು, ಜೀತ್ ಎನ್ನುವ ತಂಗುಮನೆಗಳಲ್ಲಿ ರಾತ್ರಿ ಲೆಕ್ಕದಲ್ಲಿ ಜಾಗ ಸಿಗುತ್ತದೆ. ಇನ್ನೊಂದು ಉಪಾಯ ಇದೆ: ಎರಡು ಕುಟುಂಬ ಸೇರಿ ಜನವರಿಯಲ್ಲಿ ಇಡೀ ವಾರಕ್ಕೆ ಮನೆ ಹಿಡಿದು ಅರ್ಧರ್ಧ ವಾರ ಹಂಚಿಕೊಳ್ಳುವುದು. ನಾವು ಎರಡು ಸಲ ಹಾಗೆ ಮಾಡಿದ್ದೇವೆ. ಬುಧವಾರ ಮಧ್ಯಾಹ್ನ ಅವರು ಬಂದರು, ನಾವು ಉಳಿದ ಹುಳಿ ಅವರಿಗೆ ಬಿಟ್ಟು ಹೊರಟೆವು.

ಬುಕ್ ಮಾಡುವಾಗ ಹಾಸಿಗೆ ಬಟ್ಟೆ, ಟವೆಲ್ಲು, ಕೊನೆಯ ದಿನದ ಕ್ಲೀನಿಂಗ್ ಇವೆಲ್ಲ ಬಾಡಿಗೆಯಲ್ಲಿ ಸೇರಿದೆಯಾ ಅಂತ ನೋಡಿ. ಬಹಳ ಕಡೆ ಸೇರಿರುವುದಿಲ್ಲ.

ಒಟ್ಟು ಖರ್ಚು ಎಲ್ಲೆಲ್ಲಿ ಆಗುತ್ತದೆ?

ಪ್ರಯಾಣ, ಕೋಣೆ, ಪಾಸ್, ಬಾಡಿಗೆ ಸಾಮಾನು, ಪಾಠ. ಸ್ಕೀ, ಬೂಟು, ಕೋಲು ಸೇರಿ ಬಾಡಿಗೆ ದಿನಕ್ಕೆ 20ರಿಂದ 30 ಯೂರೋ ಅಂದುಕೊಳ್ಳಿ, ಮುಂಚಿತವಾಗಿ ಅಂಗಡಿಯ ಜಾಲತಾಣದಲ್ಲಿ ಹೇಳಿಟ್ಟರೆ ಕಡಿಮೆ. ಪೂರ್ತಿ ಪಾಸ್ ಮೊದಲ ದಿನವೇ ತೆಗೆಯಬೇಡಿ. ಹೊಸಬರಿಗೆ ಕೆಳಗಿನ ಕೆಲವೇ ಲಿಫ್ಟ್‌ಗಳಿಗೆ ಸಾಕಾಗುವ ಕಡಿಮೆ ಬೆಲೆಯ ಟಿಕೆಟ್ ಇದೆಯಾ ಅಂತ ಕೌಂಟರಿನಲ್ಲಿ ಕೇಳಿ. ಮತ್ತೆ, ಬೆಟ್ಟದ ಮೇಲಿನ ಹೋಟೆಲಲ್ಲಿ ದಿನಾ ಊಟ ಮಾಡಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಡಬ್ಬಿ ಕಟ್ಟಿಕೊಂಡು ಹೋಗಿ.

ಮೇಷ್ಟ್ರು ಬೇಕೇ ಬೇಕಾ? ವಿಡಿಯೋ ನೋಡಿ ಕಲಿತರೆ ಆಗಲ್ವಾ?

ಮೇಷ್ಟ್ರು ಬೇಕು. ಇದೊಂದರಲ್ಲಿ ಉಳಿತಾಯ ಮಾಡಬೇಡಿ.

ಗೊತ್ತಿರುವ ಗೆಳೆಯ ಹೇಳಿಕೊಡುತ್ತೇನೆ ಅಂತಾನೆ, ಆದರೆ ಅವನಿಗೆ ಜಾರಲು ಬರುತ್ತದೆ, ಕಲಿಸಲು ಬರುವುದಿಲ್ಲ. ನನ್ನ ಮೊದಲ ಚಳಿಗಾಲ ನಾನು ಪಾಠವಿಲ್ಲದೆ ಎರಡು ದಿನ ಕಳೆದೆ. ಭಯದಲ್ಲಿ ಹಿಂದಕ್ಕೆ ವಾಲುತ್ತಿದ್ದೆ, ಹಿಂದಕ್ಕೆ ವಾಲಿದಷ್ಟೂ ಸ್ಕೀ ಮುಂದೆ ಓಡುತ್ತಿತ್ತು. ಮೂರನೇ ದಿನ ಒಬ್ಬ ವಯಸ್ಸಾದ ಮೇಷ್ಟ್ರು ಒಂದೇ ಗಂಟೆಯಲ್ಲಿ ತಿದ್ದಿದರು. ಮೊಣಕಾಲು ಬಗ್ಗಿಸು, ಬೂಟಿನ ಮುಂಭಾಗಕ್ಕೆ ಕಾಲು ಒತ್ತು, ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲ ಮಾಡು. ನಿಲ್ಲುವುದು ಬಂತು. ನಿಲ್ಲುವುದು ಬಂದ ಮೇಲೆ ಭಯ ಹೋಯಿತು. ಭಯ ಹೋದ ಮೇಲೆ ಸುತ್ತಲಿನ ಬೆಟ್ಟ ಕಾಣಿಸಿತು, ಅದುವರೆಗೆ ನಾನು ನನ್ನ ಕಾಲು ಬಿಟ್ಟು ಬೇರೇನೂ ನೋಡಿರಲಿಲ್ಲ.

ಫ್ರಾನ್ಸಿನ ಬಹುತೇಕ ಎಲ್ಲ ಸ್ಕೀ ಊರಿನಲ್ಲೂ ಇ.ಎಸ್.ಎಫ್. ಎಂಬ ಸ್ಕೀ ಶಾಲೆ ಇರುತ್ತದೆ, ಕೆಂಪು ಜಾಕೆಟ್ ಹಾಕಿದವರು. ಗುಂಪಿನ ಪಾಠ ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರುವಾಗಿ ಐದಾರು ದಿನ ನಡೆಯುತ್ತದೆ. ಮೂರು ದಿನಕ್ಕೆ ಬಂದವರಿಗೆ ಅದು ಹೊಂದುವುದಿಲ್ಲ. ಹಾಗಾಗಿ ಖಾಸಗಿ ಪಾಠ ತೆಗೆದುಕೊಳ್ಳಿ. ಗಂಟೆಗೆ 50 ಯೂರೋ ಆಸುಪಾಸು ಅಂದರೆ ಜಾಸ್ತಿ ಅನ್ನಿಸುತ್ತದೆ, ಆದರೆ ಆ ದುಡ್ಡು ಮೇಷ್ಟ್ರ ಸಮಯಕ್ಕೆ. ಮೂರು ನಾಲ್ಕು ಜನ ಒಟ್ಟಿಗೆ ನಿಂತರೆ ಹಂಚಿಹೋಗುತ್ತದೆ. ಮೊದಲ ದಿನ ಬೆಳಿಗ್ಗೆ ಒಂದೂವರೆ ಗಂಟೆ, ಎರಡನೇ ದಿನ ಒಂದು ಗಂಟೆ. ನಡುವೆ ನೀವೇ ಅಭ್ಯಾಸ ಮಾಡಿ. ಇಂಗ್ಲಿಷ್ ಬರುವ ಮೇಷ್ಟ್ರು ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ.

ಹಸಿರು, ನೀಲಿ ಅಂದರೆ ಏನು?

ದಾರಿಯ ಕಡಿದಾದ ಮಟ್ಟ. ಹಸಿರು ಎಲ್ಲಕ್ಕಿಂತ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಅಮೆರಿಕದಲ್ಲಿರುವ ನೆಂಟರು ಹೇಳುವ ಬಣ್ಣದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಮೂರು ದಿನದಲ್ಲಿ ಕೆಂಪಿಗೆ ಹೋಗಬೇಡಿ.

ಬಟ್ಟೆ ಏನು ತರಬೇಕು? ಎಲ್ಲ ಕೊಳ್ಳಬೇಕಾ?

ಜೀನ್ಸ್ ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ. ಒಳಗೆ ಥರ್ಮಲ್, ನಡುವೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರು, ಹೊರಗೆ ನೀರು ಇಳಿಯದ ಜಾಕೆಟ್ಟು ಮತ್ತು ಪ್ಯಾಂಟು. ಥರ್ಮಲ್ಲು ಮತ್ತು ಕೈಗವಸು ಬೆಂಗಳೂರಿನ ಡೆಕಾಥ್ಲಾನ್‌ನಲ್ಲೇ ಸಿಗುತ್ತವೆ. ಸ್ಕೀ ಪ್ಯಾಂಟನ್ನು ಯಾರ ಹತ್ತಿರವಾದರೂ ಸಾಲ ಕೇಳಿ, ಇಲ್ಲಿನವರೂ ಹಾಗೇ ಮಾಡುತ್ತಾರೆ. ಉದ್ದನೆಯ ತೆಳು ಕಾಲುಚೀಲ ಒಂದೇ ಜೊತೆ ಹಾಕಿ. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಟಕ್ಕೆ ತಡೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ, ತಪ್ಪದೆ ತೆಗೆದುಕೊಳ್ಳಿ. ಮಂಕಿ ಕ್ಯಾಪ್ ಅದರ ಕೆಳಗೆ ಕೂರುವುದಿಲ್ಲ, ಅದನ್ನು ಸಂಜೆ ತಿರುಗಾಡಲು ಇಟ್ಟುಕೊಳ್ಳಿ.

ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ವಾಪಸ್ ಮುಖಕ್ಕೆ ಎಸೆಯುತ್ತದೆ. ನಮ್ಮ ಮೈಬಣ್ಣಕ್ಕೆ ಏನೂ ಆಗಲ್ಲ ಅಂದುಕೊಂಡವರೂ ಮೂಗು ಸುಲಿಸಿಕೊಂಡು ಹೋಗಿದ್ದಾರೆ.

ಬೂಟು ಹಾಕಿದರೆ ಕಾಲು ನೋಯುತ್ತದಂತೆ, ಹೌದಾ?

ಬಿಗಿ ಇರಬೇಕು, ನೋವು ಇರಬಾರದು. ಒಂದು ವರ್ಷ ಬಾಡಿಗೆ ಅಂಗಡಿಯೊಂದರಲ್ಲಿ ಗಡಿಬಿಡಿಯಲ್ಲಿ ನನಗೆ ಒಂದು ಸೈಜು ದೊಡ್ಡದು ಕೊಟ್ಟರು. ಮೆತ್ತಗಿದೆ, ಹಿತವಾಗಿದೆ ಅಂತ ನಾನೂ ಸುಮ್ಮನಾದೆ. ಸಂಜೆಗೆ ಮುಂಗಾಲು ನೀಲಿ. ಮರುದಿನ ಹೋಗಿ ಹೇಳಿದರೆ ಮಾತಿಲ್ಲದೆ ಬದಲಿಸಿಕೊಟ್ಟರು, ದುಡ್ಡೂ ಕೇಳಲಿಲ್ಲ. ಹಾಗಾಗಿ ನೋವಿದ್ದರೆ ಸಂಕೋಚ ಬೇಡ, ಅದೇ ದಿನ ವಾಪಸ್ ಹೋಗಿ. ಎದ್ದು ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೆ ಏಳಬಾರದು.

ನಾವು ಸಸ್ಯಾಹಾರಿಗಳು. ಅಲ್ಲಿ ಏನು ತಿನ್ನುವುದು?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು.

ಸವ್ವಾ ಊಟ ಅಂದರೆ ಚೀಸು, ಆಲೂಗಡ್ಡೆ, ಹಂದಿ ಮಾಂಸ. ರಾಕ್ಲೆಟ್ ಅಂತ ಕರಗಿಸಿದ ಚೀಸನ್ನು ಬೇಯಿಸಿದ ಆಲೂಗಡ್ಡೆ ಮೇಲೆ ಹಾಕಿಕೊಂಡು ತಿನ್ನುತ್ತಾರೆ, ಪಕ್ಕದಲ್ಲಿ ಮಾಂಸದ ತಟ್ಟೆ ಇಡುತ್ತಾರೆ. ಮಾಂಸ ಬೇಡ ಅಂದರೆ ತರುವುದಿಲ್ಲ. ಆಲೂಗಡ್ಡೆ, ಚೀಸು ಸೇರಿಸಿ ಬೇಯಿಸುವ ಟಾರ್ಟಿಫ್ಲೆಟ್‌ನಲ್ಲಿ ಮಾಂಸ ಒಳಗೇ ಬೆರೆತಿರುತ್ತದೆ, ಕೇಳದೆ ತಿನ್ನಬೇಡಿ. ಕರಗಿಸಿದ ಚೀಸಿಗೆ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯೂನಲ್ಲಿ ಮಾಂಸ ಇಲ್ಲ, ಬಿಳಿ ವೈನ್ ಇದೆ. ಕ್ರೋಜೆ ಎಂಬ ಪುಟ್ಟ ಚೌಕದ ಪಾಸ್ತಾ ಇಲ್ಲಿನದ್ದೇ, ಬಕ್‌ವೀಟ್ ಹಿಟ್ಟಿನದ್ದೂ ಸಿಗುತ್ತದೆ. ಬರೀ ಚೀಸ್ ಹಾಕಿ ಮಾಡಿದ ಕ್ರೋಜೆ ಮಕ್ಕಳಿಗೆ ಬಹಳ ಇಷ್ಟ. ಕೊನೆಗೆ ಕಾಡು ಬ್ಲೂಬೆರಿ ಟಾರ್ಟ್.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ವಿಷಯ ಸ್ಪಷ್ಟವಾಗಿ ಹೇಳಲೇಬೇಕು. ಇಲ್ಲಿನ ಹೆಮ್ಮೆಯ ಬೋಫೋರ್ ಚೀಸ್ ಸೇರಿದಂತೆ ಸಾಂಪ್ರದಾಯಿಕ ಚೀಸುಗಳ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಪ್ಪ ಅಮ್ಮನನ್ನು ಕರೆತರುವವರು ಇದನ್ನು ಮೊದಲೇ ಹೇಳಿ, ತಿಂದ ಮೇಲೆ ಹೇಳಿದರೆ ಅವರಿಗೆ ಬೇಜಾರಾಗುತ್ತದೆ, ನಿಮಗೂ.

ಅದಕ್ಕೇ ನಾವು ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯುವುದು. ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು ಚೀಲದಲ್ಲಿ ಇರುತ್ತವೆ. ಭಾರತದಿಂದ ನೇರ ಬರುವವರು ತುಪ್ಪ, ಪೇಡೆ, ಹಸಿ ಕರಿಬೇವು ತರಬೇಡಿ. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಹಸಿ ಸೊಪ್ಪಿಗೆ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರೆ ನೋವಾಗುವುದು ಅಮ್ಮನಿಗೆ. ಇನ್ನೊಂದು, 1,500 ಮೀಟರಿನಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಬಾಡಿಗೆ ಮನೆಯಲ್ಲಿ ಕುಕ್ಕರ್ ಇರುವುದಿಲ್ಲ. ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಹೆಸರುಬೇಳೆ ತನ್ನಿ. ದಿನವಿಡೀ ಬಿದ್ದು ಎದ್ದು ಬಂದ ಸಂಜೆ, ಕಿಟಕಿಯ ಹೊರಗೆ ಹಿಮ ಬೀಳುವಾಗ, ಬಿಸಿ ಅನ್ನಕ್ಕೆ ಮೆಣಸಿನ ಸಾರು ಕಲಸಿಕೊಂಡು ಕೂತರೆ ಅದಕ್ಕಿಂತ ಸುಖ ನನಗೆ ಗೊತ್ತಿಲ್ಲ.

ಊರಿನ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ತೆರೆಯುತ್ತವೆ. ಅಕ್ಕಿ, ತರಕಾರಿ ಮೊದಾನ್‌ನಲ್ಲೇ ಕೊಂಡು ಬಸ್ ಹತ್ತುವುದು ಒಳ್ಳೆಯದು.

ಅಪ್ಪ ಅಮ್ಮ ಸ್ಕೀ ಮಾಡಲ್ಲ. ಅವರಿಗೆ ಬೇಜಾರಾಗಲ್ವಾ?

ನಮ್ಮ ಅತ್ತೆ ಮಾವ ಬಂದಿದ್ದರು, ಇಬ್ಬರಿಗೂ ಎಪ್ಪತ್ತರ ಹತ್ತಿರ. ಅತ್ತೆ ಚೂಡಿದಾರದೊಳಗೆ ಥರ್ಮಲ್ ಹಾಕಿಕೊಂಡು ದಿನಾ ಬೆಳಿಗ್ಗೆ ಹಿಮ ತುಳಿದು ಗಟ್ಟಿ ಮಾಡಿದ ಕಾಲುದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಬೂಟಿನ ತಳ ಮಾತ್ರ ಜಾರದ ಹಾಗೆ ಇರಬೇಕು, ಕೋಲೊಂದು ಕೈಯಲ್ಲಿರಲಿ.

ಮಾವನವರಿಗೆ ಹಿಡಿಸಿದ್ದು ಕೋಟೆಗಳು. ಊರಿನ ಕೆಳಗೆ, ಆರ್ಕ್ ನದಿಯ ಕಮರಿಯ ಅಂಚಿಗೆ, ಎಸೆಯೋಂ ಕೋಟೆಗಳಿವೆ. 1819ರಿಂದ 1834ರವರೆಗೆ ಈಗಿನ ಇಟಲಿ ಕಡೆಯ ಪೀಡ್ಮಾಂಟ್-ಸಾರ್ಡೀನಿಯಾ ರಾಜ್ಯದವರು ಕಟ್ಟಿದ್ದು. ಆಗ ಸವ್ವಾ ಅವರದ್ದಾಗಿತ್ತು, ಫ್ರೆಂಚರ ದಾಳಿ ತಡೆಯಬೇಕಿತ್ತು. ಐದಕ್ಕೂ ರಾಜಮನೆತನದವರ ಹೆಸರು: ವಿಕ್ಟರ್-ಎಮಾನ್ಯುಎಲ್, ಶಾರ್ಲ್-ಫೆಲಿಕ್ಸ್, ಶಾರ್ಲ್-ಆಲ್ಬೆರ್, ಮಾರಿ-ಕ್ರಿಸ್ಟೀನ್, ಮಾರಿ-ತೆರೇಜ್. 1860ರಲ್ಲಿ ಸವ್ವಾ ಫ್ರಾನ್ಸಿಗೆ ಸೇರಿತು, ಕೋಟೆಗಳೂ ಫ್ರಾನ್ಸಿನದಾದವು. ಮಾರಿ-ತೆರೇಜ್ ಮಾತ್ರ ಕಮರಿಯ ಆಚೆ ದಡದಲ್ಲಿದೆ, ನಡುವೆ ಸೈತಾನನ ಸೇತುವೆ ಅಂತ ಒಂದು ಸೇತುವೆ. ಚಿತ್ರದುರ್ಗ ನೋಡಿ ಬೆಳೆದ ಮಾವ ಗೋಡೆಯ ಕಲ್ಲಿನ ಜೋಡಣೆಯನ್ನು ಅರ್ಧ ದಿನ ಮುಟ್ಟಿ ಮುಟ್ಟಿ ನೋಡಿದರು.

ಪಕ್ಕದ ಸಾರ್ಡಿಯೇರ್ ಊರಿನ ಕಾಡಿನಲ್ಲಿ 90 ಮೀಟರಿಗಿಂತ ಎತ್ತರದ ಒಂಟಿ ಕಲ್ಲಿನ ಕಂಬವೂ ಇದೆ, ನಡೆಯಬಲ್ಲವರು ಹೋಗಬಹುದು.

ಮಕ್ಕಳು?

ಮೂರು ವರ್ಷ ದಾಟಿದ ಮಕ್ಕಳಿಗೆ ಸ್ಕೀ ಶಾಲೆಯಲ್ಲಿ ಪಿಯೂ-ಪಿಯೂ ಎಂಬ ತರಗತಿ ಇರುತ್ತದೆ, ಅಂದರೆ ಕೋಳಿಮರಿ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಒಂದು ಪ್ಲಾಸ್ಟಿಕ್ ಜಾರುಬಂಡಿ ಕೊಡಿಸಿದರೆ ಸಂಜೆಯೂ ಆಯಿತು.

ಅಪಾಯ ಎಷ್ಟು? ವಿಮೆ ಬೇಕಾ?

ಗುರುತು ಹಾಕಿದ ದಾರಿಯಲ್ಲಿ, ನಿಮ್ಮ ಮಟ್ಟಕ್ಕೆ ತಕ್ಕ ವೇಗದಲ್ಲಿ ಇದ್ದರೆ ಹೆದರಬೇಕಿಲ್ಲ. ನಿಮ್ಮ ಕೆಳಗೆ ಇರುವವರಿಗೇ ಮೊದಲ ಹಕ್ಕು, ಹಿಂದಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ನಿಲ್ಲುವುದಾದರೆ ದಾರಿಯ ಅಂಚಿಗೆ ಬನ್ನಿ. ಹಗ್ಗ ಕಟ್ಟಿದ ಆಚೆ ಹೋಗಬೇಡಿ, ಯಾರ ಜಾಡು ಕಂಡರೂ ಸರಿ. ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಅಂಕಿಯಲ್ಲಿ ದಿನಾ ಹಾಕಿರುತ್ತಾರೆ, ಗುರುತಿಲ್ಲದ ಇಳಿಜಾರಿಗೆ ಹೋಗುವವರು ಸಲಕರಣೆ ಮತ್ತು ಗೈಡ್ ಇಟ್ಟುಕೊಂಡು ಹೋಗುತ್ತಾರೆ, ಅದು ನಮ್ಮ ಮೂರು ದಿನದ ಮಾತಲ್ಲ.

ವಿಮೆ ಬೇಕೇ ಬೇಕು. ವೀಸಾಕ್ಕೆ ಮಾಡಿಸಿದ ಪ್ರಯಾಣ ವಿಮೆಯಲ್ಲಿ ಸ್ಕೀಯಿಂಗ್ ಬಿಟ್ಟಿರುವುದೇ ಹೆಚ್ಚು, ಸಣ್ಣ ಅಕ್ಷರ ಓದಿ. ಪಾಸ್ ತೆಗೆಯುವಾಗಲೇ ದಿನಕ್ಕೆ ಕೆಲವೇ ಯೂರೋ ಕೊಟ್ಟರೆ ಬೆಟ್ಟದಿಂದ ಇಳಿಸಿ ತರುವ ಖರ್ಚಿಗೆ ವಿಮೆ ಸಿಗುತ್ತದೆ, ಕಾರೆ ನೆಜ್ ಅಂತ ಕೇಳಿ. ಪೆಟ್ಟಾದರೆ 112ಕ್ಕೆ ಫೋನ್ ಮಾಡಿ, ಬಿದ್ದವರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀಗಳನ್ನು ಗುಣಿಸು ಚಿಹ್ನೆಯ ಹಾಗೆ ಅಡ್ಡಡ್ಡ ನೆಟ್ಟು ನಿಲ್ಲಿಸಿ, ಮೇಲಿಂದ ಬರುವವರಿಗೆ ಕಾಣುತ್ತದೆ.

ಫ್ರೆಂಚ್ ಬರದೆ ನಡೆಯುತ್ತದಾ?

ನಡೆಯುತ್ತದೆ, ಆದರೆ ಒಂದು ಪದ ಬೇಕು. ಅಂಗಡಿ, ಬಸ್ಸು, ಲಿಫ್ಟ್ ಕೌಂಟರ್, ಎಲ್ಲಿ ಕಾಲಿಟ್ಟರೂ ಮೊದಲು ಬೋಂಜೂರ್ ಅನ್ನಿ. ಅದನ್ನು ಹೇಳದೆ ನೇರ ಪ್ರಶ್ನೆಗೆ ಇಳಿದರೆ ಅವರಿಗೆ ಅಗೌರವ ಅನ್ನಿಸುತ್ತದೆ. ಹೇಳಿ ಸ್ವಲ್ಪ ಕಾದರೆ ಅವರೇ ಮುರುಕು ಇಂಗ್ಲಿಷ್‌ನಲ್ಲಿ ಸಹಾಯಕ್ಕೆ ಬರುತ್ತಾರೆ.

ಕೊನೆಯ ದಿನ ಸ್ಕೀ ಮಾಡಿ ಅದೇ ಸಂಜೆ ಹೊರಡಬಹುದಾ?

ಮಾಡಬಹುದು, ಬೆಳಿಗ್ಗೆ ಮಾತ್ರ. ಕೊನೆಯ ಬೆಳಿಗ್ಗೆಗೆ ಅರ್ಧ ದಿನದ ಪಾಸ್ ಸಾಕು. ಕೋಣೆ ಹತ್ತು ಗಂಟೆಗೆಲ್ಲ ಖಾಲಿ ಮಾಡಬೇಕಾಗುತ್ತದೆ, ಬ್ಯಾಗುಗಳನ್ನು ಬಾಡಿಗೆ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಾರಾ ಅಂತ ಹಿಂದಿನ ಸಂಜೆಯೇ ಕೇಳಿ. ಮಧ್ಯಾಹ್ನಕ್ಕೆ ಅಂಗಡಿ ಮುಚ್ಚುವ ಮೊದಲು ಸ್ಕೀ, ಬೂಟು ವಾಪಸ್ ಕೊಡಿ. ದಣಿದ ಕಾಲಿನಲ್ಲಿ ಇನ್ನೊಂದೇ ಒಂದು ಸುತ್ತು ಅಂತ ಹೋಗಬೇಡಿ, ಪೆಟ್ಟಾಗುವುದು ಆ ಸುತ್ತಿನಲ್ಲೇ. ಅದರ ಬದಲು ಬಸ್ ಬರುವವರೆಗೆ ಚೌಕದ ಕಾರಂಜಿ ಪಕ್ಕ ಬಿಸಿಲಿಗೆ ಕೂತು ಒಂದು ಬಿಸಿ ಚಾಕೊಲೇಟ್ ಕುಡಿಯಿರಿ.